ಪೂಜೆಗೆ ಐನೋರು, ಕಷ್ಟಕ್ಕೆ ಅಜ್ಜಿ

ನಮ್ಮ ದಾವಣಗೆರೆ ಕಡೆ ಮನೆ ಒಕ್ಕಲಿಗೆ ಐನೋರನ್ನೋ ಭಟ್ಟರನ್ನೋ ಕರೆಯುತ್ತಾರೆ. ಮದುವೆಗೂ ಅಷ್ಟೇ. ಆದರೆ ಮಗು ರಾತ್ರಿ ಬೆಚ್ಚಿ ಬೀಳುತ್ತದೆ, ಸೊಸೆ ತವರಿಗೆ ಹೋದವಳು ಬಂದಿಲ್ಲ, ಬೋರ್ ಕೊರೆಸಿದರೂ ನೀರು ಬೀಳಲಿಲ್ಲ ಅಂದಾಗ ನೆನಪಾಗುವವರೇ ಬೇರೆ. ಮೈಮೇಲೆ ದೇವರು ಬರುವ ಅಜ್ಜಿ, ಭಂಡಾರ ಹಚ್ಚುವ ಮೈಲಾರಲಿಂಗನ ಭಕ್ತ ಗೊರವಯ್ಯ, ಉಚ್ಚಂಗೆಮ್ಮನ ಹೆಸರಲ್ಲಿ ಪಡಲಗಿ ಬುಟ್ಟಿ ಹೊತ್ತು ಬರುವ ಜೋಗಮ್ಮ, ದರ್ಗಾದಲ್ಲಿ ಊದಿ ದಾರ ಕಟ್ಟುವವರು. ಇವರಿಗೆ ಮಂತ್ರದ ಪಾಠ ಆಗಿಲ್ಲ, ಯಾವ ಮಠದ ಪಟ್ಟವೂ ಇಲ್ಲ.

ಇದೆಲ್ಲ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ಮುಗಿಸುವವರು ನನ್ನ ಗೆಳೆಯರಲ್ಲೇ ಜಾಸ್ತಿ. ನನಗೆ ಅಷ್ಟು ಸುಲಭವಾಗಿ ಹೇಳೋಕೆ ಆಗಲ್ಲ.

ನಮ್ಮ ಓಣಿಯ ಅಜ್ಜಿಯೊಬ್ಬರ ಹತ್ತಿರ ಮಂಗಳವಾರ, ಶುಕ್ರವಾರ ಹೆಂಗಸರು ದೇವರು ಕೇಳೋಕೆ ಬರುತ್ತಿದ್ದರು. ದೇವರು ಬರುತ್ತಿದ್ದದ್ದು ಕೊನೆಗೆ, ಅದೂ ಸ್ವಲ್ಪ ಹೊತ್ತು. ಅದಕ್ಕೂ ಮುಂಚೆ ಅಡಿಕೆಲೆ ಹಾಕಿಕೊಳ್ಳುತ್ತಾ, "ಏನವ್ವಾ, ಅತ್ತೆ ಜೊತೆ ಮತ್ತೆ ಜಗಳ ಆತೇನು? ನಿನ್ನ ಗಂಡ ಮನೀಗೆ ಎಷ್ಟೊತ್ತಿಗೆ ಬರ್ತಾನ?" ಅಂತ ಒಂದೊಂದೇ ಕೇಳಿ, ಅತ್ತರೆ ಅಳೋಕೆ ಬಿಟ್ಟು, ಪೂರ್ತಿ ಕೇಳಿಸಿಕೊಂಡ ಮೇಲೆಯೇ ಮುಂದಿನದು. ಆಮೇಲೆ ಬರುವ ಹೇಳಿಕೆ ಹೆಚ್ಚಾಗಿ ಗಂಡನಿಗೇ ಇರುತ್ತಿತ್ತು. ಕುಡಿಯೋದು ಬಿಡದಿದ್ದರೆ ತಾಯಿ ಸುಮ್ಮನಿರಲ್ಲ ಅಂತ. ಹೆಂಡತಿ ಮಾತಿಗೆ ಬಗ್ಗದವನು ಇದಕ್ಕೆ ಬಗ್ಗುತ್ತಿದ್ದ, ಕೆಲವು ವಾರವಾದರೂ! ಜ್ವರ ಅಂತ ಮಗು ಎತ್ತಿಕೊಂಡು ಬಂದರೆ, "ಮೊದ್ಲು ಚಿಗಟೇರಿ ಆಸ್ಪತ್ರೀಗೆ ತೋರಿಸು, ಆಮೇಲೆ ಬಾ" ಅನ್ನುತ್ತಿದ್ದರು.

ಜನ ಕಷ್ಟ ಹೇಳಿಕೊಳ್ಳುವಾಗ ಇದು ದೇವರಿಗೆ, ಇದು ಸಂಸಾರಕ್ಕೆ ಅಂತ ಭಾಗ ಮಾಡಿಕೊಂಡು ಬರುವುದಿಲ್ಲ. ಸಿರಿಗೆರೆಯಲ್ಲಿ ತರಳಬಾಳು ಶ್ರೀಗಳು ಸೋಮವಾರ ನಡೆಸುವ ಸದ್ಧರ್ಮ ನ್ಯಾಯಪೀಠವನ್ನೇ ನೋಡಿ. ಅದು ದೊಡ್ಡ ಮಠ, ಸರಿ. ಆದರೆ ಅಲ್ಲಿಗೆ ಜನ ಹೊತ್ತು ತರುವುದು ಹೊಲದ ಬದು, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡತಿ ಜಗಳ. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯನ್ನು ಇವತ್ತಿಗೂ ನೆನೆಸುವುದು ಅವರು ಕಟ್ಟಿಸಿದ ಕೆರೆಗಳಿಗೆ, "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತಿಗೆ. ಫಾಲ್ಗುಣದ ತೇರಿಗೆ ಹೋಗಿ ಕೊಬ್ಬರಿ ಸುಡುವ ಎಷ್ಟೋ ಜನರಿಗೆ ಒಂದು ಮಂತ್ರವೂ ಬಾರದು, ಆ ಮಾತು ಮಾತ್ರ ಬಾಯಿಪಾಠ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ, ಅಂದರೆ ಭವಿಷ್ಯದ ಮಾತು, ಅದೂ ಹಾಗೆಯೇ. ಒಂದು ಸಾಲು ಕಾರಣಿಕ, ಅದರ ಮೇಲೆ ಮಳೆ, ಬೆಳೆ, ರಾಜಕೀಯ ಅಂತ ವಾರಗಟ್ಟಲೆ ಕಟ್ಟೆ ಮೇಲೆ ಚರ್ಚೆ. (ರಾಜಕೀಯದವರು ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರೆ, ಅದು ಬಿಡಿ.)

ಹಾಗಂತ ಇವರೆಲ್ಲ ಒಳ್ಳೆಯವರು ಅಂತಲ್ಲ. ಜೋಗಮ್ಮ ಅಂದ ಕೂಡಲೇ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳ ಬದುಕು ಕಣ್ಣ ಮುಂದೆ ಬರಬೇಕು. ಅದಕ್ಕೆ 1982ರಲ್ಲೇ ದೇವದಾಸಿ ನಿಷೇಧ ಕಾಯ್ದೆ ಬಂತು. ಮಾಟ ತೆಗೆಯುತ್ತೇನೆ ಅಂತ ಮೈಗೆ ಬರೆ ಎಳೆಯುವವರನ್ನೂ ಸಹಿಸಬೇಕಿಲ್ಲ. ನಾನು ನೋಡುವುದು ಒಂದೇ. ಹೇಳಿದ್ದು ಸುಳ್ಳಾದರೆ ನಾಳೆ ಆ ಮನುಷ್ಯ ಕೈಗೆ ಸಿಗುತ್ತಾನಾ? ನಮ್ಮ ಅಜ್ಜಿ ಸಿಗುತ್ತಿದ್ದರು. ನಲ್ಲಿ ಹತ್ತಿರ ಕೊಡ ಇಟ್ಟುಕೊಂಡೇ ಹೆಂಗಸರು ಬೈದದ್ದೂ ಇದೆ. ಆದರೆ ಬಸ್ ಸ್ಟ್ಯಾಂಡ್ ಗೋಡೆಗೆ ಚೀಟಿ ಅಂಟಿಸಿ, ಫೋನಲ್ಲೇ ವಶೀಕರಣ, 24 ಗಂಟೆಯಲ್ಲಿ ಪರಿಹಾರ ಅನ್ನುವವನು ದುಡ್ಡು ಬಿದ್ದ ಮೇಲೆ ನಂಬರ್ ಬದಲಾಯಿಸುತ್ತಾನೆ.

ವಾಮಾಚಾರ ತಡೆಯೋಕೆ ಅಂತ 2017ರಲ್ಲಿ ಮಾಡಿದ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅದರಲ್ಲಿ ಅಪರಾಧ. ತುಂಬಾ ಒಳ್ಳೆಯದು. ಜ್ಯೋತಿಷ್ಯ, ವಾಸ್ತು ಹೇಳುವುದಕ್ಕೆ ಮಾತ್ರ ಅದರಲ್ಲಿ ಅಡ್ಡಿ ಇಲ್ಲ. ಅಜ್ಜಿ ತೀರಿಕೊಂಡ ಮೇಲೆ ನಮ್ಮ ಓಣಿಯ ಹೆಂಗಸರು ಈಗ ಬೆಳಗ್ಗೆ ಟಿವಿ ಹಾಕಿ ಕೂರುತ್ತಾರೆ. ಅಲ್ಲಿ ಹೇಳುವವರು ರಾಶಿ ಕೇಳುತ್ತಾರೆ, ಗಂಡ ಮನೆಗೆ ಎಷ್ಟೊತ್ತಿಗೆ ಬರ್ತಾನೆ ಅಂತ ಕೇಳಲ್ಲ.