ಹೇಸರಗತ್ತೆ ಎಳೆಯುವ ಎಂಜಿನ್

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಹೋಗುತ್ತಿದ್ದಾಗ, ಒಣಹುಲ್ಲನ್ನು ಕಟ್ಟು ಕಟ್ಟುವ ಯಂತ್ರವೊಂದನ್ನು ಹೇಸರಗತ್ತೆಗಳು ಎಳೆಯುತ್ತಿರುವುದನ್ನೂ, ಯಂತ್ರದ ಬೆನ್ನ ಮೇಲೆ ಎಂಜಿನ್ ಒಂದು ಗುಡುಗುಡು ಓಡುತ್ತಿರುವುದನ್ನೂ ಕಂಡೆ. ಇಲ್ಲಿನ ಆಮಿಶ್ ರೈತರು, ಅಂದರೆ ಹಳೆಯ ಕಾಲದ ಸರಳ ಬದುಕನ್ನು ಬಿಡದ ಕ್ರೈಸ್ತ ಪಂಗಡದವರು, ಯಂತ್ರವನ್ನೇ ಒಲ್ಲದವರು ಎಂಬ ಮಾತು ಈ ನೋಟದ ಮುಂದೆ ನಿಲ್ಲುವುದಿಲ್ಲ. ಕೊಟ್ಟಿಗೆಯ ಬಳಿ ಕೆಲಸಕ್ಕೆ ಟ್ರ್ಯಾಕ್ಟರ್ ಇರಬಹುದು, ಆದರೆ ಅದಕ್ಕೆ ರಬ್ಬರ್ ಟೈರಿಲ್ಲ, ಕಬ್ಬಿಣದ ಚಕ್ರವೇ. ಟೈರು ಬಂದರೆ ಅದು ರಸ್ತೆಗಿಳಿದು ಕಾರಿನ ಕೆಲಸವನ್ನೂ ಮಾಡೀತು ಎಂಬ ಎಣಿಕೆ. ಹೊರಗಿನ ವಿದ್ಯುತ್ ತಂತಿ ಮನೆಗೆ ಬಾರದು, ಹಾಲು ತಣ್ಣಗಿಡಲು ಡೀಸೆಲ್ ಎಂಜಿನ್ ಆಗಬಹುದು. 1910ರ ಸುಮಾರಿಗೆ ಮನೆಯೊಳಗಿನ ಫೋನನ್ನು ನಿಷೇಧಿಸಿದವರು, ಮುಂದೆ ಹಲವು ಕುಟುಂಬಗಳಿಗೆ ಸೇರಿ ಹೊಲದಂಚಿನ ಪುಟ್ಟ ಗೂಡಿನಲ್ಲಿ ಒಂದು ಫೋನನ್ನು ಒಪ್ಪಿಕೊಂಡರು.

ಒಂದು ಸಾಧನ ಎಷ್ಟು ಕೆಲಸ ಉಳಿಸುತ್ತದೆ ಎಂಬುದಕ್ಕಿಂತ, ಅದು ಬಂದ ಮೇಲೆ ನೆರೆಯವನ ಸಹಾಯ ಬೇಕಾಗುತ್ತದೆಯೋ ಇಲ್ಲವೋ ಎಂದು ಇಡೀ ಚರ್ಚ್ ಸಭೆಯೇ ಕೂತು ಯೋಚಿಸುವ ಈ ಕ್ರಮ ನನಗೆ ಬಹಳ ಹಿಡಿಸಿತು. ಎಂಟನೆಯ ತರಗತಿಗೇ ಮಕ್ಕಳ ಶಾಲೆ ಮುಗಿಯುವುದು ಮಾತ್ರ, 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಅದನ್ನು ಒಪ್ಪಿದ್ದರೂ, ನನಗೆ ಒಗ್ಗದ ಸಂಗತಿ. ಈಗಂತೂ ಜಮೀನಿನ ಬೆಲೆ ಏರಿ ಎಷ್ಟೋ ತರುಣರು ಬಡಗಿ ಕೆಲಸ, ಅಂಗಡಿಗಳತ್ತ ಹೊರಳಿದ್ದಾರೆ. ಗಿರಾಕಿಗಳು ಕರೆ ಮಾಡುವ ಆ ಕಸುಬಿನಲ್ಲಿ ಮೊಬೈಲನ್ನು ದೂರವಿಡುವುದು ಹೊಲದಲ್ಲಿದ್ದಷ್ಟು ಸುಲಭವಲ್ಲ.