ಅಟ್ಟದ ಲೆಕ್ಕ

ಜೆರಾಕ್ಸ್ ಅಂಗಡಿಯ ಹುಡುಗ ಸ್ಪೈರಲ್ ಹಾಕಿ ಕೈಗಿಟ್ಟಾಗ ನನ್ನ ಕಾದಂಬರಿ ಸೇರಕ್ಕಿಗಿಂತ ಭಾರವಿತ್ತು. 286 ಪುಟ. ‘ಪುಸ್ತಕ ಮಾಡಿಸ್ತಿದೀರಾ ಮೇಡಂ?’ ಅಂದ. ಇಲ್ಲಪ್ಪ, ಇನ್ನೂ ತಿದ್ದಬೇಕು ಅಂದೆ. ‘ಇಷ್ಟನ್ನೂನಾ?’ ಅಂತ ಅಯ್ಯೋ ಪಾಪ ಅನ್ನೋ ಹಾಗೆ ನೋಡಿದ.

ಬರೆದು ಮುಗಿಸಿ ಮೂರು ತಿಂಗಳು ಅದನ್ನು ಮುಟ್ಟಿರಲಿಲ್ಲ. ಆ ಶನಿವಾರ ಶಾಲೆ ಬಿಟ್ಟ ಮೇಲೆ ತುಮಕೂರು ಸ್ಟೇಷನ್‌ನಲ್ಲಿ ತಿಪಟೂರು ಕಡೆಯ ರೈಲು ಹತ್ತಿ, ಕಿಟಕಿ ಪಕ್ಕ ಕೂತು ಕೆಂಪು ಪೆನ್ನು ತೆಗೆದೆ. ಗುಬ್ಬಿ ಬರುವಷ್ಟರಲ್ಲಿ ಏಳು ಕಡೆ ‘ಕಣ್ಣಂಚು ಒದ್ದೆಯಾಯಿತು’. ಯಾರ ಕಣ್ಣಂಚೂ ಒಣಗಿರಲು ಬಿಟ್ಟಿಲ್ಲ ನಾನು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಂದಾಗ ಕೆಲವು ಅರ್ಕಾವತ್ತುಗಳು ಪಕ್ಕದ ಅಕ್ಷರದ ಮನೆಗೆ ಹೋಗಿ ಕೂತಿದ್ದವು. ನಿಟ್ಟೂರು ದಾಟಿದ ಮೇಲೆ ಸಿಕ್ಕಿದ್ದು ಮಾತ್ರ ನಾಚಿಕೆಗೇಡು. ಕತೆ ನಡೆಯುವುದು 1994ರಲ್ಲಿ. ಕೊಬ್ಬರಿ ಮಂಡಿಯ ಸಾಹುಕಾರನೊಬ್ಬ ಕತೆಯ ನಾಯಕ ರಂಗಪ್ಪನಿಗೆ ಸಾವಿರದ ನೋಟು ಎಣಿಸಿ ಕೊಡುತ್ತಾನೆ. 1978ರಲ್ಲಿ ರದ್ದಾದ ಸಾವಿರದ ನೋಟು ಮತ್ತೆ ಬಂದದ್ದೇ 2000ದಲ್ಲಿ. ಐನೂರು ಅಂತ ತಿದ್ದಿದೆ, ನೋಟು ಎರಡರಷ್ಟಾದವು. ಇನ್ನು ದೊಡ್ಡ ತಪ್ಪೇನೂ ಇರಲಾರದು ಅಂದುಕೊಂಡು ಊರಿನಲ್ಲಿ ಇಳಿದೆ.

ಅವ್ವ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಓದು ಬಾರದು. ನಾನೂ ಅವರೆಕಾಯಿಗೆ ಕೈ ಹಾಕುತ್ತಾ, ನಡುನಡುವೆ ಪುಟ ತಿರುವುತ್ತಾ, ಜೋರಾಗಿ ಓದತೊಡಗಿದೆ. ರಂಗಪ್ಪ ಹೆಂಡತಿಗೆ ‘ನಾನು ತೀರ್ಮಾನಿಸಿದ್ದೇನೆ’ ಅನ್ನುವ ಕಡೆ ಅವ್ವ ನಕ್ಕುಬಿಟ್ಟಳು. ‘ಇವ್ನೇನು ತಾಸೀಲ್ದಾರನಾ?’ ಅಲ್ಲೊಂದು ಗೀಟು ಎಳೆದೆ.

ಮುಂದಿನ ಅಧ್ಯಾಯದಲ್ಲಿ ಕೊಬ್ಬರಿ ಒಡೆಯುವ ದೃಶ್ಯ. ನನಗೆ ಬಲು ಇಷ್ಟವಾದದ್ದು. ಚಿಪ್ಪು ಒಡೆದು ಉಂಡೆ ಇಡಿಯಾಗಿ ಹೊರಬರುವುದನ್ನು ಅರ್ಧ ಪುಟ ಬರೆದಿದ್ದೆ. ಅವ್ವನ ಕೈ ನಿಂತಿತು.

‘ಕಾಯಿ ಅಟ್ಟಕ್ಕೆ ಹಾಕಿದ್ದು ಯಾವಾಗ ಅಂದೆ?’

‘ಯುಗಾದಿ ಕಳೆದ ಮೇಲೆ.’

‘ಈಗ?’

‘ಶ್ರಾವಣ.’

‘ನಾಕು ತಿಂಗ್ಳಿಗೆ ಉಂಡೆ ಕೊಬ್ರಿ ಆಯ್ತದೇನೆ? ಹತ್ತನ್ನೊಂದು ತಿಂಗ್ಳು, ಕೆಲವಕ್ಕೆ ವರ್ಷಾನೂ ಹಿಡಿಯುತ್ತೆ. ಒಳಗಿನ ನೀರು ಹಂಗೇ ಇಂಗಬೇಕು.’ ಎದ್ದು ಒಳಗೆ ಹೋಗಿ, ಏಣಿಯ ಮೂರನೇ ಮೆಟ್ಟಿಲು ಹತ್ತಿ ಅಟ್ಟದ ಅಂಚಿನಿಂದ ಎರಡು ಕಾಯಿ ತಂದಳು. ಒಂದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಗುಳುಗುಳು. ‘ಇದು ಬೇಸಿಗೇದು. ಇನ್ನೂ ನೀರೈತೆ.’ ಇನ್ನೊಂದರೊಳಗೆ ಮರದ ಗುಂಡು ಉರುಳಿದಂತೆ ಗಡಗಡ ಸದ್ದು. ‘ಇದು ಹೋದ ವರ್ಸದ್ದು. ಚಿಪ್ಪು ಬಿಟ್ಕೊಂಡೈತೆ.’

ಆ ಅಟ್ಟದ ಕೆಳಗೇ ಹುಟ್ಟಿ ಬೆಳೆದವಳು ನಾನು. ಒಲೆ ಹೊಗೆ ಅಡಿಯಿಂದ ಮೇಲೇರಿ ಆ ಕಾಯಿಗಳ ನಡುವೆ ನುಸುಳುವುದನ್ನು ಮಲಗಿ ನೋಡಿದವಳು. ಆದರೂ ತಪ್ಪಿದ್ದೆ. ನಮ್ಮ ಅಟ್ಟ ಖಾಲಿಯಾದದ್ದನ್ನು ನಾನು ಕಂಡದ್ದೇ ಇಲ್ಲ; ಹಳೆಯದು ಇಳಿಯುತ್ತಿದ್ದ ಹಾಗೇ ಹೊಸದು ಏರುತ್ತಿತ್ತು. ಮೇಲೆ ಹೋದ ಕಾಯಿಯೇ ಕೆಳಗೆ ಬರುತ್ತದೆ ಅಂತ ಮಕ್ಕಳ ಲೆಕ್ಕ. ನಡುವಿನ ವರ್ಷವನ್ನು ಕಾದವರು ದೊಡ್ಡವರು.

ಕಾದಂಬರಿ ಅಲ್ಲೇ ಕುಸಿಯಿತು. ರಂಗಪ್ಪನ ಮಗಳ ಮದುವೆ ಆ ಕೊಬ್ಬರಿ ದುಡ್ಡಿನಲ್ಲಿ ಆಗಬೇಕಿತ್ತು. ಮದುವೆ ವರ್ಷ ಮುಂದಕ್ಕೆ ಹೋದರೆ ಹತ್ತೊಂಬತ್ತನೇ ಅಧ್ಯಾಯದಲ್ಲಿ ಅವಳು ಬಸುರಿ ಹೇಗಾಗುತ್ತಾಳೆ? ಬಾವಿ ಬತ್ತುವ ಬೇಸಿಗೆ ಮದುವೆಗೆ ಮೊದಲೇ ಬರುತ್ತದೆ. ‘ಹಂಗಾದ್ರೆ ಅವನು ಏನು ಮಾಡ್ಬೋದಿತ್ತವ್ವ?’ ಅಂದೆ, ರಂಗಪ್ಪ ನಮ್ಮ ಬೀದಿಯವನೇ ಅನ್ನೋ ಹಾಗೆ.

‘ಮಾಡೋದೇನು? ತಡೀಲಾರ್ದೋರು ಹಸಿಕಾಯೀನೇ ಕೊಟ್ಬಿಡ್ತಾರೆ, ಬಂದಷ್ಟು ಬರಲಿ ಅಂತ. ಇಲ್ಲಾ ಮಂಡಿಯೋರ ಹತ್ರ ಮುಂಗಡ ಈಸ್ಕೊತಾರೆ. ಆಮೇಲೆ ಅವ್ರು ಹೇಳಿದ್ದೇ ರೇಟು. ನಿಮ್ಮಪ್ಪ ಎರಡೂ ಮಾಡವ್ರೆ.’

ಅಪ್ಪ ಮುಂಗಡ ತಗೊಂಡಿದ್ದು ನನಗೆ ಆವತ್ತೇ ಗೊತ್ತಾದದ್ದು. ಯಾವ ವರ್ಷ ಅಂತ ಕೇಳಿದೆ. ನಿನ್ನ ಟಿಸಿಎಚ್ ಟೀಚರ್ ಟ್ರೈನಿಂಗ್ ಫೀಸು ಕಟ್ಟಿದ ವರ್ಷ ಅಂದು, ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಕತೆಗೆ ಬಿಗಿ ಬರಲಿ ಅಂತ ನಾನು ಒಬ್ಬ ಮೀಸೆ ತಿರುವುವ ಬಡ್ಡಿ ಸಾಹುಕಾರನನ್ನು ತಂದಿದ್ದೆ. ರಾತ್ರಿ ಕೂತು ಅವನ ಇಪ್ಪತ್ತೆರಡು ಪುಟಕ್ಕೂ ಅಡ್ಡಗೆರೆ ಹಾಕಿದೆ. ಅಟ್ಟ ತುಂಬ ಕಾಯಿ, ಕೈಯಲ್ಲಿ ಕಾಸಿಲ್ಲ, ದಿನಾ ಒಂದು ಕಾಯಿ ತೆಗೆದು ಕಿವಿಗಿಟ್ಟು ಅಲ್ಲಾಡಿಸುವ ಅಪ್ಪ: ಇಷ್ಟಿದ್ದರೆ ಸಾಹುಕಾರ ಯಾತಕ್ಕೆ? ಪುಟದ ಹಿಂಬದಿಯಲ್ಲಿ ತಿಂಗಳುಗಳನ್ನು ಬರೆದುಕೊಂಡು ಒಂದೊಂದೇ ಅಧ್ಯಾಯವನ್ನು ಮುಂದಕ್ಕೆ ತಳ್ಳುತ್ತಾ ಕೂತೆ. ಬಸುರಿಯ ಲೆಕ್ಕ ಮಾತ್ರ ಎಷ್ಟು ಮಾಡಿದರೂ ಕೂಡಲಿಲ್ಲ.

ಬೆಳಿಗ್ಗೆ ಹೊರಡುವಾಗ ಅವ್ವ ಹಿತುಕಿದ ಬೇಳೆಯ ಡಬ್ಬಿ ಬ್ಯಾಗಿಗೆ ಹಾಕುತ್ತಾ ಕೇಳಿದಳು: ‘ಆ ಹುಡುಗಿ ಮದ್ವೆ ಮುಂದಿನ ವರ್ಸ ಅನ್ನು ಹಂಗಾರೆ?’

‘ಹೂಂ ಕಣವ್ವ.’

‘ಗಂಡಿನ ಕಡೆಯೋರು ಕಾಯ್ತಾರಾ?’

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.