ದಶಮಾಂಶ ಕೊಟ್ಟಾಯ್ತು, ಸಂಬಳ ಕೊಟ್ಟಾಯ್ತಾ?

ಚರ್ಚಿನಲ್ಲಿ ಕಾಣಿಕೆಯ ಬಗ್ಗೆ ಪ್ರಸಂಗ ಅಂದ ಮೇಲೆ ಬೈಬಲಿನ ಮಲಾಕಿಯ 3:10 ಬಂದೇ ಬರುತ್ತದೆ. ದಶಮಾಂಶವನ್ನೆಲ್ಲ, ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲನ್ನು, ಬೊಕ್ಕಸಕ್ಕೆ ತನ್ನಿ, ನಾನು ಆಶೀರ್ವಾದ ಸುರಿಸುತ್ತೇನೋ ಇಲ್ಲವೋ ಪರೀಕ್ಷೆ ಮಾಡಿ ನೋಡಿ ಅನ್ನುವ ಮಾತು. ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಅದೇ ಅಧ್ಯಾಯದಲ್ಲಿ ಐದು ವಚನ ಹಿಂದೆ ಹೋಗಿ ನೋಡಿ. ಕೂಲಿಯವನ ಕೂಲಿ ಹಿಡಿದಿಟ್ಟುಕೊಳ್ಳುವವರು, ವಿಧವೆಯರನ್ನೂ ಅನಾಥರನ್ನೂ ಗೋಳು ಹೊಯ್ದುಕೊಳ್ಳುವವರು, ಪರದೇಶಿಯನ್ನು ತಳ್ಳುವವರು, ಇವರ ವಿರುದ್ಧ ಸಾಕ್ಷಿ ಹೇಳಲು ನಾನೇ ಬರುತ್ತೇನೆ ಅನ್ನುತ್ತಾನೆ ದೇವರು. ಆ ಪಟ್ಟಿಯಲ್ಲಿ ಇವರು ಮಾಟಗಾರರ, ವ್ಯಭಿಚಾರಿಗಳ ಪಕ್ಕದಲ್ಲೇ ನಿಂತಿದ್ದಾರೆ. ಈ 5ನೇ ವಚನದ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ನೀವು ಕೇಳಿದ್ದರೆ ನಿಮ್ಮ ಸಭಾಪಾಲಕರಿಗೆ ನನ್ನ ವಂದನೆ ತಿಳಿಸಿ.

ನನಗೆ ಅನಿಸುವುದು ಇಷ್ಟು. ಧಾರಾಳವಾಗಿ ಕೊಡುವ ಮಾತು ಆಮೇಲೆ, ಮೊದಲು ಬಾಕಿ ತೀರಿಸೋಣ. ಭೂಮಿಯೂ ಅದರಲ್ಲಿರುವ ಸಮಸ್ತವೂ ಯೆಹೋವನದು ಅಂತ 24ನೇ ಕೀರ್ತನೆ ಹೇಳುತ್ತೇವಲ್ಲ, ಹಾಗಿದ್ದರೆ ಹತ್ತರಲ್ಲಿ ಒಂದು ಪಾಲು ಅವನದು, ಉಳಿದ ಒಂಬತ್ತು ನನ್ನಿಷ್ಟ ಅನ್ನುವ ಲೆಕ್ಕ ಎಲ್ಲಿಂದ ಬಂತು? ಆ ಒಂಬತ್ತು ಪಾಲಿನ ಲೆಕ್ಕವನ್ನೂ ಅವನೇ ಕೇಳುತ್ತಾನೆ.

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ತಗೊಳ್ಳಿ. ಮನೆಕೆಲಸಕ್ಕೆ ಬರುವ ಅಕ್ಕನ ತಿಂಗಳು ಹೇಗೆ ನಡೆಯುತ್ತದೆ ಗೊತ್ತಾ? 5ನೇ ತಾರೀಖು ಬಾಡಿಗೆ. ಅದೇ ವಾರ ಸ್ವಸಹಾಯ ಸಂಘದ ಕಂತು, ಚೀಟಿ ದುಡ್ಡು. ಕಂತು ತಪ್ಪಿದರೆ ಸಂಘದ ಉಳಿದ ಹೆಂಗಸರು ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಯಾಕೆಂದರೆ ಒಬ್ಬಳು ಕಟ್ಟದಿದ್ದರೆ ಎಲ್ಲರೂ ಸೇರಿ ಕಟ್ಟಬೇಕು. ನಾವು ಸಂಬಳವನ್ನು 1ನೇ ತಾರೀಖಿನ ಬದಲು 8ಕ್ಕೆ ಕೊಟ್ಟರೆ ನಮಗೇನೂ ಆಗುವುದಿಲ್ಲ. ಅವಳು ಆ ಒಂದು ವಾರಕ್ಕೆ ಬಡ್ಡಿಗೆ ಸಾಲ ತರುತ್ತಾಳೆ. ಸಂಬಳ ತಡಮಾಡಿದ ಮನೆಯವರೇ ಭಾನುವಾರ ಕಾಣಿಕೆ ಚೀಲಕ್ಕೆ ಐನೂರರ ನೋಟು ಹಾಕಿ ತಲೆ ಬಾಗಿಸುತ್ತಾರೆ. ಹಾಗೆ ನೋಡಿದರೆ ಆ ನೋಟಿನಲ್ಲಿ ಅವಳು ಕಟ್ಟಿದ ಬಡ್ಡಿಯೂ ಸೇರಿದೆ, ಅಲ್ವಾ?

ಮೋಶೆಯ ಧರ್ಮಶಾಸ್ತ್ರ ಈ ವಿಷಯದಲ್ಲಿ ನೇರ. ಕೂಲಿಯವನ ಕೂಲಿ ಬೆಳಗಾಗುವ ತನಕ ನಿನ್ನ ಹತ್ತಿರ ಇರಬಾರದು, ಇದು ಯಾಜಕಕಾಂಡ 19:13. ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ, ಇದು ಧರ್ಮೋಪದೇಶಕಾಂಡ 24. ಅವನ ಮನೆಯಲ್ಲಿ ರಾತ್ರಿ ಒಲೆ ಉರಿಯಬೇಕಲ್ಲ, ಅದಕ್ಕೆ. ಆಗಿನವರು ಬೆಳ್ಳಿ ತೂಗಿ ಕೊಡಬೇಕಿತ್ತು. ನಮಗೆ ಫೋನ್‌ಪೇ ಇದೆ. ಇನ್ನು ಎಷ್ಟು ಕೊಡಬೇಕು ಅನ್ನುವುದಕ್ಕೂ ಅಳತೆ ಇಲ್ಲದೆ ಇಲ್ಲ. ಕರ್ನಾಟಕ ಸರ್ಕಾರ 2004ರಲ್ಲೇ ಮನೆಕೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿತು. ನಮ್ಮಲ್ಲಿ ಎಷ್ಟು ಜನ ಅದನ್ನು ತೆಗೆದು ನೋಡಿದ್ದೇವೆ?

ಬಾಕಿ ತೀರಿದ ಮೇಲೆ ಕೊಡುವ ಮಾತು. ಇಲ್ಲಿಯೂ ನನಗೆ ಹಿಡಿಸಿದ್ದು ಯಾಜಕಕಾಂಡದ ಅದೇ 19ನೇ ಅಧ್ಯಾಯ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಹಕ್ಕಲಾಯಬೇಡ, ಅಂದರೆ ಕೊಯ್ದಾಗ ಬಿದ್ದ ತೆನೆ ಆರಿಸಬೇಡ, ದ್ರಾಕ್ಷಿ ತೋಟದಲ್ಲಿ ಉದುರಿದ್ದನ್ನು ಹೆಕ್ಕಬೇಡ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ. ಎಷ್ಟು ಅಂಚು ಅಂತ ಅಳತೆ ಹೇಳಿಲ್ಲ ನೋಡಿ, ಅದನ್ನು ಹೊಲದವನ ಮನಸ್ಸಿಗೆ ಬಿಟ್ಟಿದೆ. ಜಿಪುಣ ಒಂದು ಸಾಲು ಬಿಡಬಹುದು, ದೊಡ್ಡ ಮನಸ್ಸಿನವನು ಎಂಟು ಹತ್ತು ಸಾಲು ಬಿಡಬಹುದು. ಊರಿನವರಿಗೆ ದೂರದಿಂದಲೇ ಕಾಣುತ್ತದೆ! ಬೈಬಲಿನ ಕಥೆಯಲ್ಲಿ ಪರದೇಶದ ಬಡ ವಿಧವೆ ರೂತಳು ಹಕ್ಕಲಾಯಲು ಬಂದಾಗ ಹೊಲದ ಯಜಮಾನ ಬೋವಜ ತನ್ನ ಆಳುಗಳಿಗೆ ಹೇಳುತ್ತಾನೆ, ಸಿವುಡುಗಳಿಂದ ಕೆಲವು ತೆನೆ ಎಳೆದು ಬೇಕೆಂತಲೇ ಬೀಳಿಸಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ ಅಂತ. ಅವನು ಒಂದು ಮೂಟೆ ಕಟ್ಟಿ ಅವಳ ತಲೆ ಮೇಲಿಟ್ಟು ಕಳಿಸಬಹುದಿತ್ತು. ಆಮೇಲೆ ಕಳಿಸುತ್ತಾನೆ ಕೂಡ. ಆದರೆ ಮೊದಲ ದಿನ ಅವಳು ಸಂಜೆ ತನಕ ದುಡಿದು, ತಾನೇ ಬಡಿದು, ತನ್ನ ಕೈಯಾರೆ ಅತ್ತೆಯ ಮನೆಗೆ ಜವೆಗೋದಿ ಹೊತ್ತುಕೊಂಡು ಹೋಗುತ್ತಾಳೆ. ಕೈಚಾಚಿ ನಿಲ್ಲಬೇಕಾಗಲಿಲ್ಲ.

ಹೊಲ ಇಲ್ಲದ ನಮಗೆ ಅಂಚು ಎಲ್ಲಿದೆ ಅನ್ನುವ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ನಮ್ಮ ಸಭೆಯ ಒಂದು ಕುಟುಂಬದಲ್ಲಿ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ರೇಡಿಯೇಷನ್ ಅಂದರೆ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಆದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಎಷ್ಟೋ ವಾರ ಹೋಗಬೇಕು. ಊರಿಗೆ ಹೋಗಿ ಬರುವ ಹಾಗಿಲ್ಲ, ಲಾಡ್ಜಿಗೆ ದುಡ್ಡಿಲ್ಲ. ಈ ಕುಟುಂಬದವರ ಮನೆಯ ಮೇಲೊಂದು ಶೀಟ್ ಹಾಕಿದ ಕೋಣೆ ಇದೆ. ಬಾಡಿಗೆಗೆ ಕೊಟ್ಟಿದ್ದರೆ ಒಳ್ಳೇ ದುಡ್ಡು ಬರುತ್ತಿತ್ತು. ಅವರು ಅದರಲ್ಲಿ ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಕುಕ್ಕರ್ ಇಟ್ಟಿದ್ದಾರೆ, ಹೊರಗೆ ಬಟ್ಟೆ ಒಣಗಿಸಲು ನೈಲಾನ್ ಹಗ್ಗ. ಕೀಲಿಕೈಯನ್ನು ಬಂದವರ ಕೈಗೇ ಕೊಟ್ಟುಬಿಡುತ್ತಾರೆ.

ಊಟ ಯಾಕೆ ನೀವೇ ಕಳಿಸುವುದಿಲ್ಲ ಅಂತ ಆ ಮನೆಯ ಆಂಟಿಯನ್ನು ಕೇಳಿದೆ. ಅವರು ನಕ್ಕರು. "ಮೊದಮೊದಲು ಕಳಿಸುತ್ತಿದ್ದೆ ಮಾರಾಯ್ತಿ. ಬಾಯಿ ಹುಣ್ಣಾದವರಿಗೆ ನನ್ನ ಸಾರು ಖಾರ, ಆದರೂ ನಮಗೆ ಬೇಜಾರಾಗುತ್ತದೆ ಅಂತ ಕಣ್ಣಲ್ಲಿ ನೀರು ಹಾಕಿಕೊಂಡು ತಿನ್ನುತ್ತಿದ್ದರು. ಈಗ ಅವರವರ ಗಂಜಿ ಅವರವರೇ ಬೇಯಿಸಿಕೊಳ್ಳುತ್ತಾರೆ." ನಾನು ಹೋದ ದಿನ ಬಳ್ಳಾರಿ ಕಡೆಯ ಒಬ್ಬ ಹೆಂಗಸು ಅಲ್ಲಿ ಗಂಡನಿಗೆ ರಾಗಿ ಅಂಬಲಿ ಕಾಸುತ್ತಿದ್ದಳು. ನಮಗೂ ಒಂದೊಂದು ಲೋಟ ಕೊಟ್ಟಳು. ಬೇಡ ಅಂದರೂ ಬಿಡಲಿಲ್ಲ. ಆ ಮನೆಗೆ ಅವಳೇ ಯಜಮಾನಿ, ನಾವು ನೆಂಟರು.

ಈಗ ಬೆಳೆ ಹಬ್ಬದ ವಿಷಯಕ್ಕೆ ಬರುತ್ತೇನೆ. ಕರಾವಳಿಯ ಸಿಎಸ್‌ಐ (ದಕ್ಷಿಣ ಭಾರತ ಸಭೆ ಅನ್ನುವ ಪ್ರೊಟೆಸ್ಟೆಂಟ್ ಚರ್ಚು) ಸಭೆಗಳಲ್ಲಿ ಬೆಳೆದವರಿಗೆ ಇದರ ಗಮ್ಮತ್ತು ಗೊತ್ತು. ಹಿತ್ತಲಲ್ಲಿ ಬೆಳೆದಿದ್ದೆಲ್ಲ ಚರ್ಚಿಗೆ ಬರುತ್ತದೆ. ಬಾಳೆಗೊನೆ, ಸಿಹಿಗುಂಬಳ, ಹರಿವೆ ಸೊಪ್ಪು, ತೆಂಗಿನಕಾಯಿ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಕಾಲು ಕಟ್ಟಿದ ಊರಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಕೂಗುವವನಿಗೆ ಬಾಯಿ ಇರಬೇಕು, ಇಲ್ಲದಿದ್ದರೆ ಮಜಾ ಇಲ್ಲ. ನೂರಕ್ಕೆ ಶುರುವಾದ ಕುಂಬಳಕಾಯಿ ಸಾವಿರಗಟ್ಟಲೆ ಏರುತ್ತದೆ, ತಗೊಂಡವರು ಅದನ್ನು ವಾಪಸ್ ಸಭೆಗೇ ಕೊಡುತ್ತಾರೆ, ಮತ್ತೆ ಏಲಂ. ಕೋಳಿ ನಡುವೆ ಹಗ್ಗ ಬಿಚ್ಚಿಕೊಂಡು ಓಡಿದರೆ ಮಕ್ಕಳೆಲ್ಲ ಅದರ ಹಿಂದೆ. ನನಗೆ ಈ ಹಬ್ಬ ತುಂಬ ಇಷ್ಟ. ದುಡ್ಡಿನ ವಿಷಯದಲ್ಲಿ ಜನ ಇಷ್ಟು ನಗುನಗುತ್ತಾ ಇರುವುದನ್ನು ಬೇರೆಲ್ಲೂ ನೋಡಿಲ್ಲ.

ಒಂದೇ ತಕರಾರು. ದೊಡ್ಡ ಮೊತ್ತ ಕೂಗಿದವರ ಹೆಸರು ಮೈಕಿನಲ್ಲಿ ಬರುತ್ತದೆ, ಆ ಕುಂಬಳಕಾಯಿ ಬೆಳೆದು ಹೊತ್ತು ತಂದ ಅಜ್ಜಿಯ ಹೆಸರು ಬರುವುದಿಲ್ಲ. ಕಥೊಲಿಕರ ಮೊಂತಿ ಹಬ್ಬದಲ್ಲಿ, ಅಂದರೆ ಮರಿಯಮ್ಮನ ಹುಟ್ಟುಹಬ್ಬದಲ್ಲಿ, ಈ ಪೇಚಿಲ್ಲ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಶ್ರೀಮಂತರ ಮನೆಗೂ ಅದೇ ತೆನೆ, ಗುಡಿಸಲಿಗೂ ಅದೇ ತೆನೆ, ಅದನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕೂತು ಉಣ್ಣುವುದು. ಅವರ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಅಂತಲೂ ಇರುತ್ತದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಅನ್ನುವ ಇಪ್ಪತ್ತರ ಹುಡುಗ ತನ್ನ ಗೆಳೆಯರ ಜೊತೆ ಶುರು ಮಾಡಿದ್ದು. ಸದಸ್ಯರು ಬಡವರ ಮನೆಗೆ ತಾವೇ ಹೋಗಿ ಕೂತು ಮಾತಾಡಿ ಬರುತ್ತಾರೆ. ತಮ್ಮ ಕೂಟದಲ್ಲಿ ಒಂದು ಗುಟ್ಟಿನ ಚೀಲ ತಿರುಗಿಸುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಪಕ್ಕದವರಿಗೂ ಗೊತ್ತಾಗುವುದಿಲ್ಲ. ನಮ್ಮವರು ಇದನ್ನೊಂದು ಸಾಲ ತಗೊಂಡರೆ ತಪ್ಪೇನಿಲ್ಲ.

ಚಿಕ್ಕ ಮೊತ್ತಗಳ ಶಕ್ತಿ ನಮ್ಮ ಕನ್ನಡದ ಚರಿತ್ರೆಯಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದವರು ಇವರೇ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿದ್ದು ಇವರ ಅಚ್ಚುಕೂಟದಲ್ಲೇ. ಇದಕ್ಕೆಲ್ಲ ದೊಡ್ಡ ಸಾಹುಕಾರರೇ ದುಡ್ಡು ಕೊಟ್ಟಿರಬೇಕು ಅನಿಸುತ್ತದೆ. ಸಾಹುಕಾರರೂ ಇದ್ದರು ಬಿಡಿ. ಆದರೆ 1850ರ ದಶಕದಲ್ಲಿ ಮಿಷನ್ನಿನವರು ಅರ್ಧ ಬಾಟ್ಸೆನ್ ಕಾಣಿಕೆ ಅಂತ ಶುರು ಮಾಡಿದರು. ವಾರಕ್ಕೆ ಒಬ್ಬೊಬ್ಬರಿಂದ ಒಂದು ಪುಡಿನಾಣ್ಯ. ಸ್ವಿಟ್ಜರ್ಲೆಂಡಿನ, ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಕೂಡಿಸಿದ ಚಿಲ್ಲರೆ ಅದು. ಹಾಕಿದವರಲ್ಲಿ ಹೆಚ್ಚಿನವರು ಮಂಗಳೂರನ್ನು ಕನಸಿನಲ್ಲೂ ಕಂಡವರಲ್ಲ. ಮಿಜೋರಾಮಿನ ಹೆಂಗಸರದ್ದು ಇನ್ನೂ ಸರಳ. ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಾರೆ, ಅದು ಕೂಡಿ ಸಭೆಗೆ ಹೋಗುತ್ತದೆ. 1910ರಲ್ಲಿ ಶುರುವಾದ ಈ ಪದ್ಧತಿ ಇವತ್ತಿಗೂ ನಿಂತಿಲ್ಲ.

ಹೀಗೆ ಹಿಡಿಹಿಡಿಯಾಗಿ ಬಂದ ದುಡ್ಡಿನ ಲೆಕ್ಕ ಇಡುವವರ ಮೇಲೂ ಭಾರ ಇದೆ. ಅಪೊಸ್ತಲ ಪೌಲ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ತಾನೊಬ್ಬನೇ ಗಂಟು ಹಿಡಿದುಕೊಂಡು ಹೋಗಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬರನ್ನೂ ಸೇರಿಸಿಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ ಮನುಷ್ಯರ ಮುಂದೆಯೂ ಸರಿ ಇರಬೇಕು ಅಂತ ಕೊರಿಂಥದವರಿಗೆ ಬರೆಯುತ್ತಾನೆ. ನಮ್ಮ ವಾರ್ಷಿಕ ಮಹಾಸಭೆಗಳಲ್ಲಿ ಏನಾಗುತ್ತದೆ? ಕ್ರಿಸ್ಮಸ್ ಕೇಕಿನ ಬಿಲ್ಲಿನ ಮೇಲೆ ಅರ್ಧ ಗಂಟೆ ಜಗಳ ಆಗುತ್ತದೆ, ಕಟ್ಟಡದ ಲಕ್ಷಗಟ್ಟಲೆ ಖರ್ಚು ಚಪ್ಪಾಳೆಯಲ್ಲಿ ಪಾಸಾಗುತ್ತದೆ. ಕೇಕಿನ ಬೆಲೆ ಎಲ್ಲರಿಗೂ ಗೊತ್ತು, ಸಿಮೆಂಟಿನದ್ದು ಯಾರಿಗೆ ಗೊತ್ತು?

ಮುಂದಿನ ಸಲ ಲೆಕ್ಕಪತ್ರದ ಹಾಳೆ ಕೈಗೆ ಬಂದಾಗ ಸುಮ್ನೆ ಒಂದು ಸಾಲು ಹುಡುಕಿ. ಗಂಟೆ ಹೊಡೆಯುವವರು, ಬೆಂಚು ಒರೆಸುವವರು, ರಾತ್ರಿ ಗೇಟಿನ ಹತ್ತಿರ ಕೂರುವವರು, ಇವರಿಗೆಲ್ಲ ಸೇರಿ ಸಭೆ ವರ್ಷಕ್ಕೆ ಎಷ್ಟು ಕೊಟ್ಟಿದೆ ಅಂತ. ಅದನ್ನು ಹನ್ನೆರಡರಿಂದ ಭಾಗಿಸಿ, ಆಮೇಲೆ ತಲೆಗೆ ಎಷ್ಟು ಬಂತು ನೋಡಿ. ಆ ಸಂಖ್ಯೆ ಸರಿ ಇಲ್ಲ ಅನಿಸಿದರೆ ಕೈ ಎತ್ತಿ ಕೇಳಿ. ಕೇಕಿನ ಜಗಳಕ್ಕೆ ಮೊದಲೇ ಕೇಳಿದರೆ ಒಳ್ಳೇದು, ಆಮೇಲೆ ಎಲ್ಲರಿಗೂ ಊಟದ ಅವಸರ.